ಇಡಿಗಂಟೋ, ತಿಂಗಳ ತುತ್ತೋ?

ಗೃಹಸ್ಥನ ಬಾಳಿನಲ್ಲಿ ಹಣವನ್ನು ಗಳಿಸುವ ಕಾಲ, ಬಳಸುವ ಕಾಲ, ಬಿಡುವ ಕಾಲ ಎಂದು ಮೂರು ಕಾಲಗಳುಂಟು. ಗಳಿಸುವ ಬಗೆಯನ್ನು ಕುರಿತು ನಮ್ಮ ಶ್ರಾವಕಾಚಾರ ಗ್ರಂಥಗಳು ಸಾಕಷ್ಟು ಹೇಳಿವೆ. ಬಿಡುವ ಬಗೆಯನ್ನಂತೂ ಪದೇ ಪದೇ ಹೇಳಿವೆ. ಆದರೆ ದುಡಿಮೆ ನಿಂತು, ಆಯುಷ್ಯವು ಇನ್ನೂ ಉಳಿದಿರುವ ಸಂಧಿಕಾಲವೊಂದು ಇಂದಿನ ನೌಕರವರ್ಗಕ್ಕೆ ಒದಗಿದೆ. ಕೃಷಿ, ವಾಣಿಜ್ಯಗಳನ್ನೇ ನಂಬಿದ್ದ ನಮ್ಮ ಹಿರಿಯರಿಗೆ ಇದು ಅಷ್ಟಾಗಿ ಪರಿಚಿತವಾದುದಲ್ಲ. ವರ್ತಕನು ಕೈಕಾಲು ಆಡುವ ತನಕ ಅಂಗಡಿಯಲ್ಲಿ ಕುಳಿತಿರುತ್ತಿದ್ದ; ರೈತನು ಹೊಲಕ್ಕೆ ಹೋಗುತ್ತಿದ್ದ. ನೌಕರನಿಗಾದರೋ ಒಂದು ಗೊತ್ತಾದ ದಿನ ಹಾರ ಹಾಕಿ ಮನೆಗೆ ಕಳುಹಿಸುತ್ತಾರೆ. ಆ ದಿನಕ್ಕೆ ಸ್ವಲ್ಪ ಮೊದಲೇ ಅವನ ಮುಂದೆ ಒಂದು ಅರ್ಜಿಯನ್ನು ಇಡುತ್ತಾರೆ. ಮುಂದೆ ತಿಂಗಳು ತಿಂಗಳು ಬರತಕ್ಕ ಪಿಂಚಣಿಯ ಒಂದು ಭಾಗವನ್ನು ಬಿಟ್ಟುಕೊಟ್ಟು, ಅದರ ಬದಲಿಗೆ ಈಗಲೇ ಇಡಿಗಂಟನ್ನು ಪಡೆಯುವಿರಾ ಎಂಬುದು ಆ ಅರ್ಜಿಯ ಪ್ರಶ್ನೆ.

ಇದನ್ನು ಕೇವಲ ಲೆಕ್ಕದ ಪ್ರಶ್ನೆಯೆಂದು ಹಲವರು ತಿಳಿದಿದ್ದಾರೆ. ಪ್ರಸ್ತುತ ಲೇಖಕನು ವೃತ್ತಿಯಿಂದ ವರ್ತಕ. ಪಿಂಚಣಿ ಎಂಬುದು ಅವನಿಗಿಲ್ಲ. ಆದರೆ ಲೆಕ್ಕ ಬಲ್ಲವನೆಂಬ ನಂಬಿಕೆಯಿಂದ ನಿವೃತ್ತಿಯ ಅಂಚಿನಲ್ಲಿರುವ ಬಂಧುಗಳು ಕಾಗದಪತ್ರಗಳನ್ನು ಹಿಡಿದು ಬರುವುದುಂಟು. ಲೆಕ್ಕವನ್ನು ಹಾಕಿಕೊಟ್ಟ ಮೇಲೆಯೂ ಅವರ ಮುಖದ ಚಿಂತೆ ಕಳೆಯದಿರುವುದನ್ನು ಕಂಡಾಗ, ಇಲ್ಲಿ ಲೆಕ್ಕಕ್ಕೆ ಮೀರಿದ ಧರ್ಮಸಂಕಟವೊಂದು ಇದೆ ಎಂಬುದು ಮನವರಿಕೆಯಾಯಿತು. ಆ ಸಂಕಟವನ್ನು ಸಾಧ್ಯವಾದಷ್ಟು ಬಿಡಿಸಿ ನೋಡುವುದೇ ಈ ಬರಹದ ಉದ್ದೇಶ.

ಮೊದಲು ಲೆಕ್ಕ

ಧರ್ಮವಿಚಾರಕ್ಕೆ ಮೊದಲು ವ್ಯವಹಾರವನ್ನು ತಿಳಿಯಬೇಕು. ವ್ಯವಹಾರವನ್ನು ತಿಳಿಯದೆ ನಿಶ್ಚಯವನ್ನು ಹೇಳುವವನ ಮಾತು ನೆಲೆಯಿಲ್ಲದ ಗೋಡೆಯಂತೆ.

ಪಿಂಚಣಿಯು ಮಾಲೀಕನ ಕೃಪೆಯಲ್ಲ, ಸಲ್ಲಿಸಿದ ಸೇವೆಗೆ ಪ್ರತಿಯಾಗಿ ಬರುವ ಹಕ್ಕು ಎಂದು ಸರ್ವೋಚ್ಚ ನ್ಯಾಯಾಲಯವು 1982ರ ಡಿಸೆಂಬರಿನಲ್ಲಿ ನಕಾರಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಆದುದರಿಂದ ಇದು ನ್ಯಾಯದಿಂದ ಗಳಿಸಿದ ಧನ. ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಗೃಹಸ್ಥನ ಗುಣಗಳನ್ನು ಎಣಿಸುವಾಗ ಮೊಟ್ಟಮೊದಲಿಗೆ ಇಡುವುದು ನ್ಯಾಯಾರ್ಜಿತ ಧನವನ್ನೇ. ಈ ಮಟ್ಟಿಗೆ ಯಾವ ಸಂದೇಹವೂ ಬೇಡ.

ಕೇಂದ್ರ ಸರ್ಕಾರದ ಹಳೆಯ ಪಿಂಚಣಿ ಪದ್ಧತಿಗೆ ಸೇರಿದವರು ಮೂಲ ಪಿಂಚಣಿಯ ಶೇಕಡ 40ರವರೆಗೆ ಇಡಿಗಂಟಾಗಿ ಪರಿವರ್ತಿಸಿಕೊಳ್ಳಬಹುದು. ಕರ್ನಾಟಕ ರಾಜ್ಯದ ನೌಕರರಿಗೆ ಈ ಮಿತಿ ಮೂರನೆಯ ಒಂದು ಭಾಗ. ಅಂಚೆ ಇಲಾಖೆಯಲ್ಲಿ ಅರವತ್ತಕ್ಕೆ ನಿವೃತ್ತರಾಗುವ ಒಬ್ಬರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅವರ ಮೂಲ ಪಿಂಚಣಿ ತಿಂಗಳಿಗೆ 30,000 ರೂಪಾಯಿ. ಅದರ ಶೇಕಡ 40 ಎಂದರೆ 12,000. ಮುಂದಿನ ಹುಟ್ಟುಹಬ್ಬದ ವಯಸ್ಸಾದ 61ಕ್ಕೆ ಸರ್ಕಾರದ ಕೋಷ್ಟಕದಲ್ಲಿರುವ ಗುಣಕ 8.194. ಹನ್ನೆರಡು ಸಾವಿರವನ್ನು ಹನ್ನೆರಡು ತಿಂಗಳಿಂದಲೂ ಈ ಗುಣಕದಿಂದಲೂ ಗುಣಿಸಿದರೆ 11,79,936 ರೂಪಾಯಿ. ಇದು ಕೈಗೆ ಬರುವ ಇಡಿಗಂಟು. ಇದರ ಮೇಲೆ ಆದಾಯ ತೆರಿಗೆಯಿಲ್ಲ. ಇದಕ್ಕೆ ಪ್ರತಿಯಾಗಿ ಹದಿನೈದು ವರ್ಷಗಳ ಕಾಲ ತಿಂಗಳಿಗೆ 12,000 ರೂಪಾಯಿ ಕಡಿತವಾಗುತ್ತದೆ. ಒಟ್ಟು ಕಡಿತ 21,60,000 ರೂಪಾಯಿ. ಹದಿನೈದು ವರ್ಷ ಕಳೆದ ಮೇಲೆ ಪೂರ್ಣ ಪಿಂಚಣಿ ಮರಳಿ ಬರುತ್ತದೆ. ಒಮ್ಮೆ ಬಿಟ್ಟುಕೊಟ್ಟ ಭಾಗವು ಸಾಯುವ ತನಕ ಮರಳಿ ಬಾರದಿದ್ದ ಕಾಲವೂ ಇತ್ತು. ಕಾಮನ್ ಕಾಸ್ ಎಂಬ ಸಂಸ್ಥೆಯು ಹೂಡಿದ ದಾವೆಯಲ್ಲಿ 1986ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪು ಬಂದುದರಿಂದಲೇ ಈ ಹದಿನೈದು ವರ್ಷಗಳ ಮಿತಿ ಏರ್ಪಟ್ಟಿತು.

ಹನ್ನೊಂದು ಮುಕ್ಕಾಲು ಲಕ್ಷ ಪಡೆದು ಇಪ್ಪತ್ತೊಂದೂವರೆ ಲಕ್ಷಕ್ಕಿಂತ ಹೆಚ್ಚು ತೆರುವುದೆಂದರೆ ಮೇಲ್ನೋಟಕ್ಕೆ ನಷ್ಟವೇ. ಆದರೆ ಬಡ್ಡಿ ಎಂಬುದನ್ನು ಮರೆತು ಲೆಕ್ಕ ಮಾಡುವಂತಿಲ್ಲ. ಆ ಇಡಿಗಂಟನ್ನು ಶೇಕಡ 7ರ ಬಡ್ಡಿಗೆ ಠೇವಣಿ ಇಟ್ಟು, ಕಡಿತವಾದಷ್ಟನ್ನೇ, ಅಂದರೆ ತಿಂಗಳಿಗೆ 12,000 ರೂಪಾಯಿಯನ್ನು, ಅದರಿಂದ ತೆಗೆಯುತ್ತ ಹೋದರೆ ಹನ್ನೆರಡು ವರ್ಷಕ್ಕಿಂತ ತುಸು ಹೆಚ್ಚು ಕಾಲ ಅದು ಸಾಗುತ್ತದೆ. ಕೊನೆಯ ಮೂರು ವರ್ಷಗಳಿಗೆ ಸ್ವಲ್ಪ ಕಡಿಮೆಯಿರುವ ಅವಧಿಯಲ್ಲಿ ಮಾತ್ರ ಕೊರತೆ. ಅದರ ಮೊತ್ತ ಸುಮಾರು ನಾಲ್ಕು ಲಕ್ಷ. ಇನ್ನೊಂದು ಕಡೆ, ಪಿಂಚಣಿದಾರರು ಐದಾರು ವರ್ಷಗಳಲ್ಲಿಯೇ ತೀರಿಕೊಂಡರೆ ಮಿಕ್ಕ ಕಡಿತ ಅಲ್ಲಿಗೇ ನಿಲ್ಲುತ್ತದೆ. ಅದನ್ನು ಹೆಂಡತಿಯಿಂದ ವಸೂಲು ಮಾಡುವುದಿಲ್ಲ. ಆಕೆಗೆ ಬರುವ ಕುಟುಂಬ ಪಿಂಚಣಿಯೂ ಈ ಪರಿವರ್ತನೆಯಿಂದ ಕಡಿಮೆಯಾಗುವುದಿಲ್ಲ. ತುಟ್ಟಿಭತ್ಯೆಯೂ ಕಡಿತಕ್ಕೆ ಮುಂಚಿನ ಪೂರ್ಣ ಪಿಂಚಣಿಯ ಮೇಲೆಯೇ ಸಿಗುತ್ತದೆ.

ಹೀಗೆ ತೂಗಿ ನೋಡಿದರೆ ತಕ್ಕಡಿ ಬಹುಮಟ್ಟಿಗೆ ಸಮವಾಗಿಯೇ ಇದೆ. ಆ ಹಣವನ್ನು ಹಣವಾಗಿಯೇ ಕಾಪಾಡಿಕೊಂಡವನಿಗೆ ದೊಡ್ಡ ನಷ್ಟವಿಲ್ಲ. ಅದನ್ನು ಖರ್ಚುಮಾಡಿ ಕುಳಿತವನಿಗೆ ಮಾತ್ರ ಹದಿನೈದು ವರ್ಷಗಳ ಬಿಗಿತ ಕಾದಿದೆ. ಆದುದರಿಂದ ಲೆಕ್ಕವು ನಮ್ಮನ್ನು ಬಾಗಿಲ ತನಕ ತಂದು ಬಿಟ್ಟುಬಿಡುತ್ತದೆ. ಹಣವು ಕೈಗೆ ಬಂದ ಮೇಲೆ ಆ ಕೈ ಎಂತಹುದು ಎಂಬ ಪ್ರಶ್ನೆಯನ್ನು ಲೆಕ್ಕವು ಉತ್ತರಿಸಲಾರದು.

ಬೇರೆ ಯೋಜನೆಗಳು

ಎಲ್ಲರದೂ ಹಳೆಯ ಪಿಂಚಣಿಯಲ್ಲ. ಕೇಂದ್ರದಲ್ಲಿ 2004ರ ಜನವರಿಯಿಂದಲೂ ಕರ್ನಾಟಕದಲ್ಲಿ 2006ರ ಏಪ್ರಿಲಿನಿಂದಲೂ ಸೇವೆಗೆ ಸೇರಿದವರು ರಾಷ್ಟ್ರೀಯ ಪಿಂಚಣಿ ಯೋಜನೆಗೆ ಒಳಪಟ್ಟರು. ಅಲ್ಲಿ ಸರ್ಕಾರಿ ನೌಕರರು ವಯೋನಿವೃತ್ತಿಯಾದಾಗ ಕೂಡಿದ ನಿಧಿಯ ಶೇಕಡ 60ರಷ್ಟನ್ನು ಇಡಿಗಂಟಾಗಿ ಪಡೆದು, ಉಳಿದುದರಿಂದ ವರ್ಷಾಶನವನ್ನು ಕೊಳ್ಳಬೇಕು. ಸರ್ಕಾರೇತರ ಚಂದಾದಾರರಿಗೆ ವರ್ಷಾಶನದ ಈ ಕಡ್ಡಾಯ ಭಾಗವನ್ನು 2025ರ ಡಿಸೆಂಬರಿನಲ್ಲಿ ಶೇಕಡ 20ಕ್ಕೆ ಇಳಿಸಲಾಯಿತು. ಇಲ್ಲಿ ಎರಡು ವಿಷಯಗಳನ್ನು ಗಮನಿಸಬೇಕು. ವರ್ಷಾಶನಗಳಲ್ಲಿ ಕೆಲವು ಕೊಂಡವನ ಮರಣದೊಂದಿಗೆ ನಿಂತುಹೋಗುತ್ತವೆ. ಕೆಲವು ಪತ್ನಿಗೂ ಮುಂದುವರಿಯುತ್ತವೆ. ಎರಡನೆಯದರಲ್ಲಿ ತಿಂಗಳ ಮೊತ್ತ ತುಸು ಕಡಿಮೆ. ಆ ಕಡಿಮೆಯನ್ನು ಕಂಡು ಮೊದಲನೆಯದಕ್ಕೆ ಸಹಿ ಹಾಕುವವನು ಹೆಂಡತಿಯ ವೈಧವ್ಯವನ್ನು ಮರೆತವನು. ಎರಡನೆಯ ವಿಷಯವೆಂದರೆ ಇಂತಹ ವರ್ಷಾಶನವು ಸಾಮಾನ್ಯವಾಗಿ ಬೆಲೆಯೇರಿಕೆಯೊಡನೆ ಏರುವುದಿಲ್ಲ. ಇದರ ಅರ್ಥವೇನೆಂಬುದನ್ನು ಬಸದಿಗಳ ಆಡಳಿತ ನಡೆಸುವವರಿಗೆ ಹೇಳಬೇಕಾಗಿಲ್ಲ. ಇನಾಮು ಭೂಮಿಗಳು ಹೋಗಿ, ಅವುಗಳ ಬದಲಿಗೆ ಬಂದ ತಸ್ತೀಕು ಹಣವು ಬೆಲೆಯೇರಿಕೆಯಲ್ಲಿ ಹೇಗೆ ಸವೆಯಿತೆಂಬುದನ್ನು ಅವರು ಬಲ್ಲರು.

ಮೂರನೆಯದು ಗಿರಣಿ, ಕಾರ್ಖಾನೆ, ಅಂಗಡಿಗಳ ನೌಕರರಿಗಾಗಿ 1995ರ ನವೆಂಬರಿನಲ್ಲಿ ಜಾರಿಗೆ ಬಂದ ನೌಕರರ ಪಿಂಚಣಿ ಯೋಜನೆ. ಇದರಲ್ಲಿ ಪಿಂಚಣಿಯ ಹಕ್ಕಿಗೆ ಹತ್ತು ವರ್ಷಗಳ ಸೇವೆ ಬೇಕು. ಹತ್ತು ತುಂಬುವ ಮೊದಲೇ ಕೆಲಸ ಬಿಟ್ಟವನು ನಗದನ್ನು ಪಡೆಯಬಹುದು, ಅಥವಾ ಯೋಜನಾ ಪ್ರಮಾಣಪತ್ರವನ್ನು ಪಡೆದು ಮುಂದಿನ ಕೆಲಸದ ಸೇವೆಗೆ ಅದನ್ನು ಕೂಡಿಸಿಕೊಳ್ಳಬಹುದು. ಪಿಂಚಣಿಗೆ ಲೆಕ್ಕ ಹಿಡಿಯುವ ವೇತನ 15,000 ರೂಪಾಯಿ ಎಂದಿಟ್ಟುಕೊಂಡರೆ, ಅದನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಹತ್ತು ವರ್ಷಕ್ಕೆ ತಿಂಗಳಿಗೆ ಸುಮಾರು 2,143 ರೂಪಾಯಿ ಬರುತ್ತದೆ. ಅಲ್ಪವೇ ಸರಿ. ಆದರೆ ಅದು ಜೀವವಿರುವ ತನಕ ಬರುವ ಅಲ್ಪ. ಎಂಟು ಒಂಬತ್ತು ವರ್ಷ ದುಡಿದು, ಕೆಲವು ಸಾವಿರ ರೂಪಾಯಿಗಳ ಆಸೆಗೆ ಆ ಹಕ್ಕನ್ನು ಕಳೆದುಕೊಂಡ ಗುಮಾಸ್ತರು ನಮ್ಮ ಪೇಟೆಗಳಲ್ಲಿ ಅಪರೂಪವಲ್ಲ. ಐವತ್ತು ದಾಟಿದವರು 58ಕ್ಕೆ ಮೊದಲೇ ಈ ಪಿಂಚಣಿಯನ್ನು ಕೇಳಿದರೆ, ಮುಂಚಿತವಾದ ಪ್ರತಿ ವರ್ಷಕ್ಕೆ ಶೇಕಡ 4ರಂತೆ ಅದು ಕಡಿಮೆಯಾಗುತ್ತದೆ. ಕೆಲಸ ಬಿಟ್ಟ ಎರಡು ತಿಂಗಳಿಗೆ ಪಿಂಚಣಿಯ ನಗದನ್ನು ತೆಗೆಯಲು ಇದ್ದ ಅವಕಾಶವನ್ನು ಮೂವತ್ತಾರು ತಿಂಗಳಿಗೆ ಮುಂದೂಡಲು ಭವಿಷ್ಯನಿಧಿಯ ಕೇಂದ್ರ ಮಂಡಳಿಯು 2025ರ ಅಕ್ಟೋಬರಿನಲ್ಲಿ ತೀರ್ಮಾನಿಸಿತು.

ಓದುಗರು ಒಂದು ಸ್ವಾರಸ್ಯವನ್ನು ಗಮನಿಸಬೇಕು. ಒಂದೇ ವರ್ಷದ ಕೊನೆಯ ತಿಂಗಳುಗಳಲ್ಲಿ ಒಂದು ಕಡೆ ಬಾಗಿಲನ್ನು ಸಡಿಲಿಸಲಾಯಿತು, ಇನ್ನೊಂದು ಕಡೆ ಬಿಗಿಗೊಳಿಸಲು ನಿರ್ಧರಿಸಲಾಯಿತು. ಮನುಷ್ಯನನ್ನು ಅವನ ವಿವೇಕಕ್ಕೆ ಬಿಡಬೇಕೋ, ಅವನಿಂದಲೇ ಅವನನ್ನು ಕಾಪಾಡಬೇಕೋ ಎಂಬುದರಲ್ಲಿ ಶಾಸನಕ್ಕೂ ಒಂದೇ ಮನಸ್ಸಿಲ್ಲ. ಶಾಸನವು ಎಲ್ಲಿ ಕೈಬಿಡುತ್ತದೆಯೋ ಅಲ್ಲಿ ವ್ರತವು ಕೈಹಿಡಿಯಬೇಕು.

ಅಪರಿಗ್ರಹದ ದೃಷ್ಟಿ

ಇಲ್ಲಿ ಒಬ್ಬರು ಹೀಗೆ ವಾದಿಸಬಹುದು: ಇಡಿಗಂಟನ್ನು ಪಡೆಯುವುದೆಂದರೆ ಸಂಗ್ರಹ, ತಿಂಗಳ ಪಿಂಚಣಿಯೆಂದರೆ ಅಂದಂದಿನ ತುತ್ತು, ಆದುದರಿಂದ ಅಪರಿಗ್ರಹವನ್ನು ನಂಬಿದವನು ಇಡಿಗಂಟನ್ನು ಮುಟ್ಟಬಾರದು. ಮತ್ತೊಬ್ಬರು ಇದಕ್ಕೆ ಪ್ರತಿಯಾಗಿ, ಸಾಯುವ ತನಕ ಬರುವ ಹಣಕ್ಕೆ ಅಂಟಿಕೊಂಡಿರುವುದೇ ಮಮಕಾರ. ಇಡಿಗಂಟನ್ನು ಪಡೆದು ದಾನ ಮಾಡಿಬಿಡುವವನೇ ತ್ಯಾಗಿ ಎನ್ನಬಹುದು. ಎರಡು ವಾದಗಳೂ ಏಕಾಂತಕ್ಕೆ ಬಿದ್ದಿವೆ. ತತ್ತ್ವಾರ್ಥಸೂತ್ರವು ವಸ್ತುವಿಗಿಂತ ವಸ್ತುವಿನ ಮೇಲಣ ಮಮತೆಯನ್ನೇ ಪರಿಗ್ರಹವೆಂದು ಗುರುತಿಸಿದೆ. ಹಣವು ಒಮ್ಮೆಗೇ ಬಂದಿತೋ ತುಣುಕು ತುಣುಕಾಗಿ ಬಂದಿತೋ ಎಂಬುದು ಹೊರಗಿನ ರೂಪ ಮಾತ್ರ.

ಆದರೂ ರೂಪಕ್ಕೆ ಬೆಲೆಯೇ ಇಲ್ಲವೆಂದಲ್ಲ. ರೂಪವು ಮನಸ್ಸನ್ನು ಕೆಣಕುತ್ತದೆ. ಸಮಂತಭದ್ರಾಚಾರ್ಯರು ಶ್ರಾವಕನ ಐದನೆಯ ಅಣುವ್ರತಕ್ಕೆ ಇಚ್ಛಾಪರಿಮಾಣವೆಂಬ ಹೆಸರನ್ನೂ ಕೊಟ್ಟಿದ್ದಾರೆ. ಅಳತೆ ಬೇಕಾದುದು ಹಣಕ್ಕಿಂತ ಮೊದಲು ಇಚ್ಛೆಗೆ. ತಿಂಗಳಿಗೆ ಮೂವತ್ತು ಸಾವಿರ ಬರುವವನ ಇಚ್ಛೆ ಆ ಮೂವತ್ತು ಸಾವಿರದ ಒಳಗೇ ಸುಳಿದಾಡುತ್ತದೆ. ಅವನ ಪಾಸುಪುಸ್ತಕದಲ್ಲಿ ಒಂದು ದಿನ ಹನ್ನೆರಡು ಲಕ್ಷ ಕಾಣಿಸಿಕೊಂಡರೆ, ನಿನ್ನೆಯ ತನಕ ಇಲ್ಲದಿದ್ದ ಇಚ್ಛೆಗಳು ಸಾಲುಗಟ್ಟಿ ನಿಲ್ಲುತ್ತವೆ. ಹಳೆಯ ಮನೆಗೆ ಹೊಸ ಮುಖಮಂಟಪ ಬೇಕೆನಿಸುತ್ತದೆ. ಮಗಳ ಮದುವೆಗೆ ದೊಡ್ಡ ಕಲ್ಯಾಣಮಂಟಪವೇ ಆಗಬೇಕೆನಿಸುತ್ತದೆ. ಹೆಚ್ಚು ಬಡ್ಡಿಯ ಆಸೆ ತೋರಿಸುವ ಚೀಟಿ ವ್ಯವಹಾರದವನು ಅಂದೇ ಮನೆಯ ಬಾಗಿಲಿಗೆ ಬರುತ್ತಾನೆ. ಈ ವ್ರತದ ಅತಿಚಾರಗಳಲ್ಲಿ ಅತಿಸಂಗ್ರಹವನ್ನೂ ಲೋಭವನ್ನೂ ಆಚಾರ್ಯರು ಎಣಿಸಿದ್ದು ಸುಮ್ಮನೆಯಲ್ಲ.

ಆದುದರಿಂದ ನಿಯಮವೊಂದನ್ನು ಹೀಗೆ ಹೇಳಬಹುದು: ಮಿತಿಯನ್ನು ಹಣ ಬರುವ ಮೊದಲೇ ಗೊತ್ತುಮಾಡಬೇಕು. ಹಣ ಬಂದ ಮೇಲೆ ಹಾಕಿಕೊಳ್ಳುವ ಮಿತಿಯು ಹಣದ ಅಳತೆಗೇ ಹಿಗ್ಗಿಕೊಳ್ಳುತ್ತದೆ.

ಎಪ್ಪತ್ತೈದರ ಮುದುಕ ಯಾರು?

ಇನ್ನು ಈ ಪ್ರಶ್ನೆಯ ತಿರುಳಿಗೆ ಬರೋಣ. ಅರವತ್ತರ ವ್ಯಕ್ತಿಯು ಇಡಿಗಂಟನ್ನು ಪಡೆದು ವ್ಯಯಿಸುತ್ತಾನೆ. ಎಪ್ಪತ್ತರಲ್ಲಿ ಎಪ್ಪತ್ತೈದರಲ್ಲಿ ಕಡಿತವನ್ನು ಅನುಭವಿಸುವವನು ಒಬ್ಬ ಮುದುಕ. ಇವರಿಬ್ಬರ ಸಂಬಂಧವೇನು? ನನ್ನ ಹಣ, ನನ್ನ ಇಷ್ಟ ಎಂದು ಹೇಳುವಾಗ ಆ ನಾನು ಎಂಬುದು ಯಾರು?

ಪ್ರತಿ ಕ್ಷಣವೂ ಬೇರೆ ಬೇರೆಯೆಂದೂ ನಡುವೆ ನಿಲ್ಲುವ ದ್ರವ್ಯವಿಲ್ಲವೆಂದೂ ಹೇಳುವ ಕ್ಷಣಿಕವಾದವನ್ನು ನಮ್ಮ ತಾರ್ಕಿಕರು ಒಪ್ಪಲಿಲ್ಲ. ಹೇಮಚಂದ್ರಾಚಾರ್ಯರ ಸ್ತುತಿಗೆ ಮಲ್ಲಿಷೇಣಸೂರಿಗಳು ಬರೆದ ಸ್ಯಾದ್ವಾದಮಂಜರಿಯಲ್ಲಿ ಇದರ ವಿಚಾರ ವಿಸ್ತಾರವಾಗಿ ಬಂದಿದೆ. ಆ ವಾದವನ್ನು ಒಪ್ಪಿದರೆ ಎರಡು ದೋಷಗಳು ಒದಗುತ್ತವೆ. ಮಾಡಿದವನಿಗೆ ಫಲವಿಲ್ಲದೆ ಹೋಗುವುದು ಕೃತಪ್ರಣಾಶ. ಮಾಡದವನು ಫಲವನ್ನು ಉಣ್ಣಬೇಕಾಗುವುದು ಅಕೃತಾಗಮ. ಜೈನದೃಷ್ಟಿಯಲ್ಲಿ ಪರ್ಯಾಯಗಳು ಹುಟ್ಟಿ ಅಳಿಯುತ್ತವೆ, ದ್ರವ್ಯವು ನಿಲ್ಲುತ್ತದೆ. ಯೌವನ, ಮಧ್ಯವಯಸ್ಸು, ಮುಪ್ಪು ಇವು ಪರ್ಯಾಯಗಳು. ಇವುಗಳನ್ನು ಹೊತ್ತ ಜೀವ ಒಂದೇ.

ಇದನ್ನು ಪಿಂಚಣಿಗೆ ಅನ್ವಯಿಸಿ ನೋಡಿ. ಭವಿಷ್ಯದ ಮುದುಕನನ್ನು ಪರಕೀಯನೆಂದು ತಿಳಿದು ಅವನ ತುತ್ತನ್ನು ಇಂದೇ ಉಂಡುಬಿಡುವವನು, ಬಾಯಲ್ಲಿ ಸ್ಯಾದ್ವಾದಿಯಾದರೂ ಆಚರಣೆಯಲ್ಲಿ ಕ್ಷಣಿಕವಾದಿ. ದುಡಿದವನು ಒಬ್ಬ, ಸುಖಿಸಿದವನು ಇನ್ನೊಬ್ಬ, ಕೊರಗುವವನು ಮತ್ತೊಬ್ಬ ಎಂಬಂತೆ ಅವನ ಬಾಳು ಒಡೆದುಹೋಗುತ್ತದೆ. ಹಾಗೆಂದು ಕೇವಲ ಮುಂದಿನ ಮುದುಕನಿಗಾಗಿಯೇ ಇಂದಿನವನನ್ನು ಉಪವಾಸ ಕೆಡವುವುದೂ ಸರಿಯಲ್ಲ. ಇಂದಿನವನೂ ಅದೇ ದ್ರವ್ಯದ ಪರ್ಯಾಯವೇ. ಇಂದು ಕಣ್ಣಿನ ಪೊರೆಗೆ ಚಿಕಿತ್ಸೆ ಬೇಕಾದವನು, ಎಪ್ಪತ್ತೈದಕ್ಕೆ ಹಣವಿರಲೆಂದು ಕುರುಡನಾಗಿ ಕುಳಿತಿರಬೇಕಾಗಿಲ್ಲ. ಒಂದೇ ಮನೆಯ ಇಬ್ಬರು ಪಾಲುದಾರರಂತೆ ಇಬ್ಬರ ಹಕ್ಕನ್ನೂ ತೂಗಬೇಕು. ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು: ಈ ಪಾಲುದಾರರಲ್ಲಿ ಒಬ್ಬನು ಸಭೆಗೆ ಬಂದು ತನ್ನ ಮಾತನ್ನು ಹೇಳಲಾರ. ಹಾಜರಿಲ್ಲದ ಪಾಲುದಾರನ ಹಣಕ್ಕೆ ಹೆಚ್ಚು ಎಚ್ಚರ ವಹಿಸುವುದು ವ್ಯಾಪಾರದ ನೀತಿ.

ಆಗ ಪ್ರತಿವಾದವೊಂದು ಏಳುತ್ತದೆ. ಎಪ್ಪತ್ತೈದರ ತನಕ ಬದುಕುವೆನೆಂದು ಯಾರು ಬಲ್ಲರು? ಆಯುಕರ್ಮದ ಅಳತೆ ಕೇವಲಿಗಳಿಗಲ್ಲದೆ ಯಾರಿಗೆ ಗೋಚರ? ಇದು ನಿಜ. ಸರ್ಕಾರದ ಕೋಷ್ಟಕವು ಸಮೂಹವೊಂದರ ಸರಾಸರಿಯನ್ನು ಬಲ್ಲುದೇ ಹೊರತು ಇಂತಹ ವ್ಯಕ್ತಿ ಇಂತಹ ದಿನ ಎಂಬುದನ್ನು ಬಲ್ಲುದಲ್ಲ. ಆದರೆ ತಿಳಿಯದಿರುವುದು ಎರಡೂ ಕಡೆಗೆ ಸಮಾನ. ಹಾಗಿರುವಾಗ ಎಣಿಕೆ ತಪ್ಪಿದರೆ ನೋವು ಯಾರ ಪಾಲಿಗೆ ಎಂದು ಕೇಳಿಕೊಳ್ಳುವುದು ಅಹಿಂಸೆಯ ದಾರಿ. ಪಿಂಚಣಿಯನ್ನು ಪೂರ್ಣವಾಗಿ ಉಳಿಸಿಕೊಂಡವನು ಬೇಗ ತೀರಿಕೊಂಡರೆ, ಬರಬಹುದಾಗಿದ್ದ ಒಂದು ಗಂಟು ವಾರಸುದಾರರಿಗೆ ತಪ್ಪಿತು. ಅವರು ದುಡಿಯಬಲ್ಲವರಾದರೆ ಆ ನಷ್ಟವನ್ನು ತುಂಬಿಕೊಳ್ಳಬಲ್ಲರು. ಗಂಟನ್ನು ಕರಗಿಸಿದವನು ಬಹುಕಾಲ ಬದುಕಿದರೆ ಕೊರತೆಯ ಭಾರವು ದುಡಿಯುವ ಶಕ್ತಿಯಿಲ್ಲದ ಮುದುಕನ ಮೇಲೆಯೂ ಅವನ ಮಡದಿಯ ಮೇಲೆಯೂ ಬೀಳುತ್ತದೆ. ತುಂಬಿಕೊಳ್ಳಲಾಗದ ನೋವನ್ನು ತಪ್ಪಿಸುವುದೇ ಮೇಲು.

ಈ ತರ್ಕಕ್ಕೆ ಒಂದು ಅಪವಾದವುಂಟು. ತನ್ನ ಕಾಯಿಲೆ ವಾಸಿಯಾಗದೆಂದು ತಿಳಿದವನು ಇಡಿಗಂಟನ್ನು ಪಡೆಯಬಹುದೇ? ಇದು ಸರ್ಕಾರಕ್ಕೆ ಬಗೆದ ಮೋಸವಾಗದೇ? ನನ್ನ ತಿಳಿವಳಿಕೆಯಲ್ಲಿ ಹೀಗಿದೆ. ಕೇಂದ್ರ ನಿಯಮಗಳ ಪ್ರಕಾರ ವಯೋನಿವೃತ್ತಿಯಾದ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಿದವರಿಗೆ ವೈದ್ಯಕೀಯ ತಪಾಸಣೆಯಿಲ್ಲ. ರೋಗಿಗಳೂ ಆರೋಗ್ಯವಂತರೂ ಕೂಡಿಯೇ ಅರ್ಜಿ ಹಾಕುವರೆಂದು ತಿಳಿದೇ ನಿಯಮವನ್ನು ಮಾಡಿದ್ದಾರೆ. ಕೇಳದ ಪ್ರಶ್ನೆಗೆ ಉತ್ತರಿಸದಿರುವುದು ಅಸತ್ಯವಾಗದು. ಒಂದು ವರ್ಷ ಕಳೆದ ಮೇಲೆ ತಪಾಸಣೆ ಕಡ್ಡಾಯ. ಅಲ್ಲಿ ವೈದ್ಯರ ಮುಂದೆ ಕಾಯಿಲೆಯನ್ನು ಬಚ್ಚಿಟ್ಟರೆ ಸತ್ಯಾಣುವ್ರತಕ್ಕೂ ಅಚೌರ್ಯಕ್ಕೂ ಒಮ್ಮೆಗೇ ಭಂಗ.

ಕೈಚಾಚುವವರು

ಇಡಿಗಂಟಿನ ಸುದ್ದಿ ಗುಟ್ಟಾಗಿ ಉಳಿಯುವುದಿಲ್ಲ. ಮೊದಲು ಕೈಚಾಚುವವರು ಹೆಚ್ಚಾಗಿ ಮಕ್ಕಳೇ. ಮಗನು ಅಂಗಡಿ ಹಾಕುತ್ತೇನೆನ್ನುತ್ತಾನೆ. ತಂದೆಗೆ ಇಲ್ಲವೆನ್ನಲು ಬಾಯಿಲ್ಲ. ಈ ವಿಷಯದಲ್ಲಿ ವರ್ತಕನಾಗಿ ಒಂದು ಮಾತನ್ನು ನಿಸ್ಸಂಕೋಚವಾಗಿ ಹೇಳುತ್ತೇನೆ. ವ್ಯಾಪಾರದಲ್ಲಿ ಹಾಕಿದ ಬಂಡವಾಳ ಮರಳಿ ಬರಲೇಬೇಕೆಂಬ ನಿಯಮವಿಲ್ಲ. ಹೋದರೆ ಮತ್ತೆ ದುಡಿದು ತುಂಬಬಲ್ಲವನ ಹಣ ಮಾತ್ರ ಬಂಡವಾಳವಾಗಲು ತಕ್ಕುದು. ನಿವೃತ್ತನ ಹಣ ಅಂತಹುದಲ್ಲ. ಕೊಡಲೇಬೇಕಾದರೆ, ಹೋದರೆ ಹೋಗಲಿ ಎನ್ನಬಹುದಾದಷ್ಟನ್ನು ಉಡುಗೊರೆಯೆಂದು ಕೊಟ್ಟು ಮರೆಯಬೇಕು. ಇಲ್ಲವೇ ಪಾಲುಪತ್ರವನ್ನು ಬರೆಯಿಸಿ ಕೊಡಬೇಕು. ಕೊಟ್ಟದ್ದು ದಾನವೋ ಸಾಲವೋ ಎಂಬುದು ಸ್ಪಷ್ಟವಿಲ್ಲದಾಗ ತಂದೆಯು ಸಾಲಗಾರನನ್ನು ಕಾಣುವ ಕಣ್ಣಿನಿಂದ ಮಗನನ್ನು ಕಾಣತೊಡಗುತ್ತಾನೆ. ಹಣ ಹೋದುದಕ್ಕಿಂತ ದೊಡ್ಡ ಹಾನಿ ಅದು. ಮಗನಿಗೆ ಇಲ್ಲವೆಂದು ಹೇಳುವ ತಂದೆ ನಿರ್ದಯಿಯಲ್ಲ. ಮುಂದೆ ಆ ಮಗನ ಮೇಲೆಯೇ ಭಾರವಾಗದಿರಲು ಹಾಗೆ ಹೇಳುತ್ತಿರಬಹುದು.

ಎರಡನೆಯದಾಗಿ ಕೈಚಾಚುವವರು ನಾವೇ, ಅಂದರೆ ಬಸದಿಗಳ, ಟ್ರಸ್ಟುಗಳ ಕಾರ್ಯಕರ್ತರು. ಈ ಮಾತು ಕೆಲವರಿಗೆ ರುಚಿಸದಿರಬಹುದು. ಜೀರ್ಣೋದ್ಧಾರ ನಡೆದಾಗ, ಪಂಚಕಲ್ಯಾಣ ನಿಶ್ಚಯವಾದಾಗ ಊರಿನಲ್ಲಿ ಈ ವರ್ಷ ನಿವೃತ್ತರಾದವರು ಯಾರೆಂದು ಎಣಿಸುವ ಅಭ್ಯಾಸ ನಮ್ಮಲ್ಲಿ ಇಲ್ಲವೆಂದು ಎದೆ ಮುಟ್ಟಿ ಹೇಳಬಲ್ಲೆವೇ? ಕಲಶದ ಸವಾಲಿನಲ್ಲಿ, ಎಲ್ಲರ ಕಣ್ಣೂ ತನ್ನ ಮೇಲಿರುವಾಗ, ಹೊಸದಾಗಿ ನಿವೃತ್ತನಾದವನು ಕೂಗುವ ಮೊತ್ತದಲ್ಲಿ ಭಕ್ತಿ ಎಷ್ಟು, ಮುಜುಗರ ಎಷ್ಟು? ದಾನದ ಹಿರಿಮೆಯು ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರಿಂದಲೂ ನಿರ್ಣಯವಾಗುತ್ತದೆ ಎಂಬುದು ತತ್ತ್ವಾರ್ಥಸೂತ್ರದ ಅಭಿಪ್ರಾಯ. ನಾವು ದ್ರವ್ಯವನ್ನು ಮಾತ್ರ ನೋಡಿ ದಾತೃವನ್ನು ಮರೆಯುವುದು ಸಲ್ಲದು. ಕೊಟ್ಟವನು ನಾಳೆ ಔಷಧಿಗೆ ಪರದಾಡುವಂತಾದರೆ, ಪಡೆದ ಸಂಸ್ಥೆಗೂ ಅದರಲ್ಲಿ ಪಾಲಿದೆ.

ಇದಕ್ಕೆ ಉಪಾಯ ಕಷ್ಟವೇನಲ್ಲ. ನಿವೃತ್ತರಾದವರಿಂದ ಮೊದಲ ವರ್ಷ ದೊಡ್ಡ ಮೊತ್ತವನ್ನು ಕೇಳದಿರುವ ನಿಯಮವನ್ನು ಟ್ರಸ್ಟುಗಳು ಮಾಡಿಕೊಳ್ಳಬಹುದು. ಇಡಿಗಂಟಿನಿಂದ ಒಮ್ಮೆಗೇ ಕೊಡುವ ಬದಲು ಪಿಂಚಣಿಯಿಂದ ವರ್ಷವರ್ಷವೂ ಅಲ್ಪವನ್ನು ಕೊಡಿರೆಂದು ಹೇಳಬಹುದು. ಶಾಶ್ವತ ಪೂಜಾನಿಧಿಯ ಮೂಲಧನವನ್ನು ಮುಟ್ಟದೆ ಬಡ್ಡಿಯಿಂದ ಮಾತ್ರ ಪೂಜೆ ನಡೆಸುವ ಕಟ್ಟುಪಾಡನ್ನು ನಾವು ಎಷ್ಟು ನಿಷ್ಠೆಯಿಂದ ಪಾಲಿಸುತ್ತೇವೆ! ಪಿಂಚಣಿಯೂ ಒಬ್ಬ ಗೃಹಸ್ಥನ ಶಾಶ್ವತ ನಿಧಿಯೇ. ನಮ್ಮ ನಿಧಿಗೆ ಒಂದು ನೀತಿ, ಭಕ್ತನ ನಿಧಿಗೆ ಇನ್ನೊಂದು ನೀತಿ ಸಲ್ಲದು.

ಇದೇ ಸಂದರ್ಭದಲ್ಲಿ ಇನ್ನೂ ಒಂದು ಮಾತು. ನಮ್ಮ ಅನೇಕ ಬಸದಿಗಳಲ್ಲಿ ಪೂಜೆಮಾಡುವ ಇಂದ್ರರಿಗೂ ಕಚೇರಿಯ ಗುಮಾಸ್ತರಿಗೂ ಕಾವಲಿನವರಿಗೂ ನಿವೃತ್ತಿಯ ಯಾವ ಏರ್ಪಾಡೂ ಇಲ್ಲ. ಭವಿಷ್ಯನಿಧಿಯ ಕಾನೂನು ಸಾಮಾನ್ಯವಾಗಿ ಇಪ್ಪತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಅನ್ವಯಿಸುವುದರಿಂದ ಸಣ್ಣ ಟ್ರಸ್ಟುಗಳು ಅದರ ಹೊರಗೆ ಉಳಿದಿವೆ. ಕಾನೂನು ಕೇಳುವುದಿಲ್ಲವೆಂದು ಧರ್ಮವೂ ಕೇಳುವುದಿಲ್ಲವೇ? ಇಡಿಗಂಟೋ ತಿಂಗಳ ತುತ್ತೋ ಎಂದು ಆರಿಸುವ ಸಂಕಟವಾದರೂ ಕೆಲವರಿಗೆ ಇದೆ. ಇವರಿಗೆ ಎರಡೂ ಇಲ್ಲ.

ಯಾವಾಗ ಯೋಗ್ಯ?

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಇಡಿಗಂಟನ್ನು ಪಡೆಯುವುದೇ ತಪ್ಪೆಂದು ಭಾವಿಸಬಾರದು. ಮೇಲಿನ ಉದಾಹರಣೆಯಲ್ಲಿ ಹದಿನೈದು ವರ್ಷ ಪೂರ್ತಿ ಬದುಕಿದವನಿಗೆ ಈ ಪರಿವರ್ತನೆಯು ವರ್ಷಕ್ಕೆ ಶೇಕಡ ಒಂಬತ್ತಕ್ಕಿಂತ ತುಸು ಹೆಚ್ಚು ಬಡ್ಡಿಯ ಸಾಲವಿದ್ದಂತೆ. ಶೇಕಡ ಹದಿನಾಲ್ಕರ, ಹದಿನೆಂಟರ ಬಡ್ಡಿಗೆ ಸಾಲ ಮಾಡಿಕೊಂಡವನು ಅದನ್ನು ತೀರಿಸಲು ಇಡಿಗಂಟನ್ನು ಪಡೆದರೆ ಅದು ವಿವೇಕವೇ ಸರಿ. ಋಣದಿಂದ ಮುಕ್ತನಾಗಿ ಮುಪ್ಪನ್ನು ಕಾಣುವುದು ಮನಶ್ಶಾಂತಿಗೂ ಒಳ್ಳೆಯದು. ತಲೆಯ ಮೇಲೆ ಸ್ವಂತ ಸೂರಿಲ್ಲದವನು ಚಿಕ್ಕ ಮನೆಯನ್ನು ಮಾಡಿಕೊಳ್ಳುವುದೂ, ಮುಂದೂಡಲಾಗದ ಚಿಕಿತ್ಸೆಯೂ, ಅರ್ಧಕ್ಕೆ ನಿಂತ ಮಕ್ಕಳ ವಿದ್ಯಾಭ್ಯಾಸವೂ ಯೋಗ್ಯವಾದ ಕಾರಣಗಳು. ಹಾಗೆಯೇ ಶೇಕಡ 40 ಎಂಬುದು ಗರಿಷ್ಠ ಮಿತಿ. ಬೇಕಾದುದು ಮೂರು ಲಕ್ಷವಾದರೆ ಮೂರು ಲಕ್ಷಕ್ಕೆ ತಕ್ಕಷ್ಟನ್ನೇ ಪರಿವರ್ತಿಸಬಹುದೆಂಬುದನ್ನು ಹಲವರು ಯೋಚಿಸುವುದೇ ಇಲ್ಲ. ಸಿಗುವಷ್ಟನ್ನೂ ಪಡೆಯಬೇಕೆಂಬ ಹಂಬಲವೇ ಲೋಭದ ಮೊದಲ ಮೆಟ್ಟಿಲು.

ಆದಾಯವನ್ನು ನಾಲ್ಕು ಭಾಗ ಮಾಡಿ, ಒಂದನ್ನು ಕೂಡಿಡಲು, ಒಂದನ್ನು ವ್ಯಾಪಾರಕ್ಕೆ, ಒಂದನ್ನು ಧರ್ಮಕ್ಕೂ ಭೋಗಕ್ಕೂ, ಒಂದನ್ನು ಅವಲಂಬಿತರ ಪೋಷಣೆಗೆ ಮೀಸಲಿಡಬೇಕೆಂಬ ಹಳೆಯ ನೀತಿಯನ್ನು ಶ್ರಾವಕಾಚಾರದ ಟೀಕಾಕಾರರು ಉಲ್ಲೇಖಿಸುತ್ತಾರೆ. ನಿವೃತ್ತನಿಗೆ ವ್ಯಾಪಾರದ ಭಾಗ ಬೇಡ. ಅದನ್ನು ಪೋಷಣೆಯ ಭಾಗಕ್ಕೆ ಸೇರಿಸಲಿ. ಪೋಷಿಸಬೇಕಾದವರ ಪಟ್ಟಿಯಲ್ಲಿ ಹೆಂಡತಿಯ ಹೆಸರಿನ ಜೊತೆಗೆ ಎಪ್ಪತ್ತೈದರ ತನ್ನ ಹೆಸರನ್ನೂ ಬರೆದುಕೊಳ್ಳಲಿ.

ಆಚರಣೆಗೆ ಇಳಿಸಲು ಕೆಲವು ಸಲಹೆಗಳು. ಅರ್ಜಿಗೆ ಸಹಿ ಹಾಕುವ ಮೊದಲು, ಹಣವು ಯಾವ ಕಾರ್ಯಕ್ಕೆ, ಎಷ್ಟು ಎಂಬುದನ್ನು ಕಾಗದದ ಮೇಲೆ ಬರೆಯಬೇಕು. ಬರೆಯಲು ನಾಚಿಕೆಯಾಗುವ ಕಾರಣವಿದ್ದರೆ ಅದು ಕಾರಣವಲ್ಲ. ಬರೆದುದನ್ನು ಮಡದಿಗೆ ಓದಿ ಹೇಳಬೇಕು. ಮನೆಯನ್ನು ನಡೆಸಿದವಳು ಆಕೆ, ಕಡಿತವಾದ ಪಿಂಚಣಿಯಲ್ಲಿ ಮುಂದೆಯೂ ನಡೆಸಬೇಕಾದವಳು ಆಕೆ. ಗೊತ್ತಾದ ಕಾರ್ಯ ಮುಗಿದ ಮೇಲೆ ಉಳಿದುದನ್ನು ಇಬ್ಬರ ಹೆಸರಿನಲ್ಲಿ ಭದ್ರವಾದ ಠೇವಣಿಯಲ್ಲಿಟ್ಟು, ಆರು ತಿಂಗಳು ಯಾರ ಮಾತಿಗೂ ಅದನ್ನು ಕದಲಿಸಬಾರದು. ನಮ್ಮಲ್ಲಿ ನೌಕರರನ್ನು ಇಟ್ಟುಕೊಂಡಿರುವ ವರ್ತಕರು, ಕೆಲಸ ಬಿಡುವ ಗುಮಾಸ್ತನ ಅರ್ಜಿಗೆ ಸುಮ್ಮನೆ ಮೊಹರು ಒತ್ತಿ ಕಳುಹಿಸದೆ, ಪ್ರಮಾಣಪತ್ರದ ದಾರಿಯೂ ಇದೆಯೆಂದು ಕುಳ್ಳಿರಿಸಿ ತಿಳಿಸಿ ಹೇಳಬೇಕು. ಅದಕ್ಕೆ ಹತ್ತು ನಿಮಿಷ ಸಾಕು. ಅಷ್ಟರಿಂದ ಒಬ್ಬನ ಮುಪ್ಪಿಗೆ ಆಸರೆಯಾದರೆ ಅದೂ ಅಭಯದಾನವೇ.

ನಿವೃತ್ತಿ ಎಂಬ ಶಬ್ದವನ್ನು ಕಚೇರಿಯವರು ಕೆಲಸದಿಂದ ಬಿಡುಗಡೆ ಎಂಬ ಅರ್ಥದಲ್ಲಿ ಬಳಸುತ್ತಾರೆ. ನಮ್ಮ ಪರಂಪರೆಯಲ್ಲಿ ಅದು ಕಷಾಯಗಳಿಂದ ಹಿಂದೆ ಸರಿಯುವುದು. ಸ್ವಾಧ್ಯಾಯ, ಸಾಮಾಯಿಕಗಳಿಗೆ ಬಿಡುವು ದೊರೆಯುವ ಈ ವರ್ಷಗಳಲ್ಲಿ ಹಣದ ಚಿಂತೆ ತಲೆಯೆತ್ತದಿರಬೇಕಾದರೆ, ಹಣಕ್ಕೆ ಮೊದಲೇ ಒಂದು ಕಟ್ಟುಪಾಡನ್ನು ಮಾಡಿಡಬೇಕು. ಕೆಲವರಿಗೆ ಆ ಕಟ್ಟುಪಾಡು ಪೂರ್ಣ ಪಿಂಚಣಿಯಾಗಿರಬಹುದು. ಕೆಲವರಿಗೆ ಋಣ ತೀರಿಸುವಷ್ಟು ಇಡಿಗಂಟಾಗಿರಬಹುದು. ಎಲ್ಲರಿಗೂ ಒಂದೇ ಉತ್ತರವನ್ನು ಹೇಳುವುದು ಅನೇಕಾಂತಕ್ಕೆ ಒಪ್ಪದು. ಆದರೆ ಸಹಿ ಹಾಕುವ ಕೈ ಲೋಭದಿಂದಲೂ ಭಯದಿಂದಲೂ ನಾಚಿಕೆಯಿಂದಲೂ ನಡುಗದಿರಬೇಕೆಂಬುದು ಎಲ್ಲರಿಗೂ ಸಮಾನ. ಈ ವರ್ಷ ನಿವೃತ್ತರಾಗಲಿರುವ ಶ್ರಾವಕ ಬಂಧುಗಳು ಅರ್ಜಿಯನ್ನು ತುಂಬುವ ಮೊದಲು ಮನೆಯವರೊಡನೆ ಕುಳಿತು ಒಂದು ಸಂಜೆಯನ್ನು ಈ ವಿಚಾರಕ್ಕೆ ಮೀಸಲಿಡಬೇಕೆಂದು ವಿನಂತಿಸುತ್ತೇನೆ.